72 ಗಂಟೆಗಳ ಮಾತು

(ಹೊಸಪೇಟೆಯಲ್ಲಿ ಕಾರ್ಮಿಕರ ಹಾಗೂ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸು, ತೂಕದ ಮೋಸ, ಇವನ್ನೆಲ್ಲ ನಾವು ಎಷ್ಟೋ ಸಲ ಆಡಿದ್ದೇವೆ. ಇಂದಿನದು ಮನೆಯೊಳಗಿನ ಮಾತು. ಗಂಡಸರು ತಲೆ ತಗ್ಗಿಸಬೇಕಾಗಿಲ್ಲ. ಎದ್ದು ಹೋಗಬೇಕಾಗಿಯೂ ಇಲ್ಲ.

ನಿರೋಧ್ ಹರಿಯಿತು, ದಿನದ ಗುಳಿಗೆ ತಪ್ಪಿತು, ಅಥವಾ ಹೆಣ್ಣಿನ ಮೇಲೆ ಬಲಾತ್ಕಾರವೇ ನಡೆಯಿತು. ಇಂಥ ಹೊತ್ತಿಗೆಂದೇ ತುರ್ತು ಗರ್ಭನಿರೋಧಕ ಗುಳಿಗೆಯಿದೆ. ಲಿವೊನಾರ್ಜೆಸ್ಟ್ರೆಲ್ ಎಂದು ಅದರ ಹೆಸರು, 1.5 ಮಿಲಿಗ್ರಾಮಿನ ಒಂದೇ ಗುಳಿಗೆ. 72 ಗಂಟೆಯೊಳಗೆ ನುಂಗಬೇಕು, ಬೇಗ ನುಂಗಿದಷ್ಟೂ ಗುಣ ಹೆಚ್ಚು. ಅಂಡ ಹೊರಬೀಳುವುದನ್ನು ಅದು ಮುಂದಕ್ಕೆ ತಳ್ಳುತ್ತದೆ. ಆಗಲೇ ನಿಂತಿರುವ ಗರ್ಭವನ್ನು ಅದು ಕೆಡಿಸದು. ಗರ್ಭಪಾತದ ಮದ್ದೆಂದು ಹೆದರಿಸುವವರ ಮಾತಿಗೆ ಕಿವಿಗೊಡಬೇಡಿ.

ಆದರೆ ಈ 72 ಗಂಟೆ ಎಲ್ಲರಿಗೂ ಒಂದೇ ಅಲ್ಲ. ಬಂಗಲೆಯವಳು ಫೋನಿನಲ್ಲೇ ವೈದ್ಯರನ್ನು ಕೇಳಿಯಾಳು. ಸಂಡೂರಿನ ಗಣಿಯಲ್ಲಿ ದುಡಿಯುವವಳು, ಕಂಪ್ಲಿಯ ಗದ್ದೆಯಲ್ಲಿ ನಾಟಿ ಮಾಡುವವಳು, ಹಂಪಿಯಲ್ಲಿ ಪ್ರವಾಸಿಗರ ತಟ್ಟೆ ತೊಳೆಯುವವಳು ಒಂದು ದಿನದ ಕೂಲಿ ಬಿಟ್ಟು ಬರಬೇಕು. ಅಂಗಡಿಯ ಮುಂದೆ ನಾಲ್ವರು ಗಂಡಸರನ್ನು ಕಂಡು ಹಿಂದಿರುಗಿದಳೆಂದರೆ ಇನ್ನೊಂದು ದಿನ ಹೋಯಿತು!

ಔಷಧಿ ಅಂಗಡಿಯ ಮಿತ್ರರೇ, ವೈದ್ಯರ ಚೀಟಿಯಿಲ್ಲದೆ ಇದನ್ನು ಮಾರಲು 2005ರಲ್ಲೇ ಸರ್ಕಾರ ಅನುಮತಿ ಕೊಟ್ಟಿತು. ಮದುವೆಯಾಗಿದೆಯೇ, ಗಂಡನೆಲ್ಲಿ ಎಂದು ವಿಚಾರಿಸುವ ಅಧಿಕಾರವನ್ನು ಗಲ್ಲಾಪೆಟ್ಟಿಗೆಗೆ ಯಾರೂ ಕೊಟ್ಟಿಲ್ಲ. ಕೇಳಿದ್ದನ್ನು ಕೊಡಿ, ಮುದ್ರಿತ ಬೆಲೆ ತೆಗೆದುಕೊಳ್ಳಿ.

ಇದೆಲ್ಲ ಹೊರದೇಶದ ಹುಚ್ಚೆನ್ನುವವರೂ ಇದ್ದಾರೆ. 1930ರಲ್ಲೇ ಮೈಸೂರು ಸಂಸ್ಥಾನದ ಸರ್ಕಾರ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳಿಗೆ ಅಪ್ಪಣೆ ಕೊಟ್ಟಿತ್ತು. ನಮ್ಮ ಬಳ್ಳಾರಿ ಸೀಮೆ ಆಗ ಮದರಾಸಿಗೆ ಸೇರಿತ್ತು. ಮೈಸೂರಿಗೆ ಬಂದದ್ದು 1953ರಲ್ಲಿ. ಅರಸರ ಸರ್ಕಾರ ನಾಚದ ಮಾತಿಗೆ ದುಡಿಯುವವರ ಪಕ್ಷ ನಾಚುವುದೇ?

ಇದು ದಿನನಿತ್ಯದ ಗುಳಿಗೆಯಲ್ಲ. ಇದರಿಂದ ಲೈಂಗಿಕ ರೋಗಗಳಿಗೆ ತಡೆಯಿಲ್ಲ. ನುಂಗಿದ ಎರಡು ಮೂರು ಗಂಟೆಯೊಳಗೆ ವಾಂತಿಯಾದರೆ ಮತ್ತೊಂದು ಗುಳಿಗೆ ಬೇಕು. ಕ್ಷಯಕ್ಕೆ, ಮೂರ್ಛೆರೋಗಕ್ಕೆ ಮದ್ದು ತಿನ್ನುವವರು ಮೊದಲೇ ವೈದ್ಯರಿಗೆ ತಿಳಿಸಲಿ, ಕೆಲವು ಮದ್ದುಗಳು ಇದರ ಬಲ ಕುಂದಿಸುತ್ತವೆ. 72 ಗಂಟೆ ಮೀರಿತೇ? ಐದು ದಿನದೊಳಗೆ ತಾಮ್ರದ ವಂಕಿ ಹಾಕಿಸಿದರೆ ಗುಳಿಗೆಗಿಂತಲೂ ಭದ್ರ. ಸರ್ಕಾರಿ ಆಸ್ಪತ್ರೆಯಲ್ಲಿ, ಆಶಾ ಕಾರ್ಯಕರ್ತೆಯರಲ್ಲಿ ವಿಚಾರಿಸಿ. ಮುಟ್ಟು ವಾರಕ್ಕೂ ಮೀರಿ ತಡವಾದರೆ ಪರೀಕ್ಷೆ ಮಾಡಿಸಿ. ಗರ್ಭ ನಿಂತಿದ್ದರೆ ನಾಟಿ ಮದ್ದಿಗೆ ಹೋಗಬೇಡಿ. 1971ರ ಕಾಯಿದೆಯ ಮಿತಿಯೊಳಗೆ ಆಸ್ಪತ್ರೆಯಲ್ಲೇ ತೆಗೆಸಲು ಅವಕಾಶವಿದೆ, ಹೆಸರನ್ನು ಗುಟ್ಟಾಗಿಡುವುದು ವೈದ್ಯರ ಹೊಣೆ.