ನೆರೆ ಬರುವ ಮೊದಲೇ ಔಷಧಿ ಚೀಲ ಸಿದ್ಧವಿರಲಿ

ತಾಯಂದಿರೇ, ಹಿರಿಯರೇ, ರೋಗಿಗಳ ಆರೈಕೆಗೆ ಬಂದಿರುವ ಬಂಧುಗಳೇ,

2009 ಮತ್ತು 2019ರ ನೆರೆಯನ್ನು ಉತ್ತರ ಕರ್ನಾಟಕದ ನಾವು ಮರೆತಿಲ್ಲ. ನಮ್ಮೂರಲ್ಲಿ ಹನಿ ಮಳೆ ಇಲ್ಲದಿದ್ದರೂ, ಮೇಲೆ ಘಟ್ಟದಲ್ಲಿ ಮಳೆ ಸುರಿದರೆ ಕೃಷ್ಣಾ, ಘಟಪ್ರಭಾ, ಮಲಪ್ರಭಾ ತುಂಬಿ ಬರುತ್ತವೆ. ಜಲಾಶಯದಿಂದ ನೀರು ಬಿಡುವುದಾಗಿ ಡಂಗುರ ಸಾರಿದರೆ, ಆಕಾಶ ನೋಡುತ್ತ ಕೂಡಬೇಡಿರಿ.

ಮನೆ ಬಿಡುವ ಅವಸರದಲ್ಲಿ ಬಂಗಾರ, ಕಾಗದಪತ್ರ, ಕಾಳುಕಡಿ ಎತ್ತಿಕೊಳ್ಳುತ್ತೇವೆ. ಗುಳಿಗೆಗಳು ಗೋಡೆಯ ಗೂಡಿನಲ್ಲಿಯೇ ಉಳಿಯುತ್ತವೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂರ್ಛೆರೋಗ ಇದ್ದವರಿಗೆ ನಾಲ್ಕು ದಿನ ಔಷಧಿ ತಪ್ಪಿದರೆ, ಹೊಳೆಯಿಂದ ಪಾರಾದ ಜೀವ ಗಂಜಿ ಕೇಂದ್ರದಲ್ಲಿ ಅಪಾಯಕ್ಕೆ ಸಿಲುಕುತ್ತದೆ.

ಆದ್ದರಿಂದ ಮಳೆಗಾಲಕ್ಕೆ ಮೊದಲೇ 15 ದಿನಗಳ ಔಷಧಿ, ವೈದ್ಯರ ಚೀಟಿ, ರೇಷನ್ ಕಾರ್ಡಿನ ನಕಲು ಇವುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎತ್ತರದ ಗೂಟಕ್ಕೆ ತೂಗುಹಾಕಿರಿ. ಔಷಧಿಯ ಅವಧಿ ಮುಗಿಯುವ ಮೊದಲು ಬದಲಿಸುತ್ತಿರಿ. ಕರೆಂಟ್ ಹೋದರೆ ಇನ್ಸುಲಿನ್ನನ್ನು ನೀರು ಇಳಿಯದ ಡಬ್ಬಿಯಲ್ಲಿ ಹಾಕಿ, ತಣ್ಣೀರಿನ ಮಣ್ಣಿನ ಗಡಿಗೆಯಲ್ಲಿಡಿರಿ. ನೆರೆ ನೀರು ತಾಗಿದ ಔಷಧಿಯನ್ನು ಬಳಸಲೇಬೇಡಿರಿ. ಡಯಾಲಿಸಿಸ್ ರೋಗಿಗಳು, ದಿನ ತುಂಬಿದ ಗರ್ಭಿಣಿಯರು ಎಚ್ಚರಿಕೆ ಬಂದ ದಿನವೇ ಆಸ್ಪತ್ರೆ ಇರುವ ಊರು ಸೇರಲಿ.

ನೀರನ್ನು ಕುದಿಸಿ, ಆರಿಸಿ ಕುಡಿಯಿರಿ. ಭೇದಿ ಆರಂಭವಾದರೆ ಓಆರ್‌ಎಸ್ ಕುಡಿಸಿರಿ. ಅದು ಸಿಗದಿದ್ದರೆ, 1 ಲೀಟರ್ ಆರಿಸಿದ ನೀರಿಗೆ ಮಟ್ಟಸವಾದ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರೆಸಿ ಆಗಾಗ ಕುಡಿಸಿರಿ. ಹಾವು ಕಚ್ಚಿದರೆ ಗಾಯ ಕೊಯ್ಯಬೇಡಿರಿ, ಬಿಗಿದು ಕಟ್ಟಬೇಡಿರಿ. ಕೂಡಲೇ 108ಕ್ಕೆ ಕರೆ ಮಾಡಿರಿ.

ನಿಮ್ಮ ಓಣಿಯಲ್ಲಿ ಒಂಟಿಯಾಗಿರುವ ಮುದುಕರು, ನಡೆಯಲಾರದವರು ಯಾರು? ಅವರನ್ನು ಯಾವ ಮನೆಯವರು ಕರೆದೊಯ್ಯಬೇಕು? ಊರಿಗೆ ಹೋದ ದಿನವೇ ಮಾತಾಡಿಕೊಳ್ಳಿರಿ. ಇಲ್ಲಿಂದ ಬಿಡುಗಡೆಯಾಗುವಾಗ ಚೀಟಿಯ ಇನ್ನೊಂದು ಪ್ರತಿಯನ್ನು ಕೇಳಿ ಪಡೆಯಿರಿ. ಆ ಚೀಲಕ್ಕೆ ಮೊದಲು ಹಾಕಬೇಕಾದದ್ದು ಅದೇ.