ಕ್ರೈಸ್ತ ತರುಣರೂ ಇಬ್ಬರು ಯಜಮಾನರೂ

ಲೌಕಿಕ, ಪಾರಮಾರ್ಥಿಕ ಎಂಬ ಎರಡು ಮಾತುಗಳನ್ನು ಒಂದಕ್ಕೊಂದು ಹಗೆಯೆಂಬಂತೆ ಬಳಸುವುದು ನಮ್ಮಲ್ಲಿ ವಾಡಿಕೆ. ಸಂಪಾದನೆಗೆ ಹೊರಟವನು ದೇವರನ್ನು ಮರೆತನೆಂದೂ, ದೇವರನ್ನು ನೆನೆದವನು ಸಂಪಾದನೆಯನ್ನು ಬಿಡಬೇಕೆಂದೂ ಹಿರಿಯರು ಹೇಳುವುದುಂಟು. ವಿಷಯವು ಇಷ್ಟು ಸರಳವಾಗಿದ್ದ ಪಕ್ಷದಲ್ಲಿ ತರುಣರಿಗೆ ಉಪದೇಶ ಮಾಡುವುದೂ ಸುಲಭವಾಗುತ್ತಿದ್ದಿತು. ಆದರೆ ಕಾಲೇಜಿನಲ್ಲಿ ದಿನವೂ ಇಪ್ಪತ್ತು ವರ್ಷದ ಹುಡುಗ ಹುಡುಗಿಯರ ಮುಖಗಳನ್ನು ನೋಡತಕ್ಕ ನನ್ನಂತಹ ಅಧ್ಯಾಪಕನಿಗೆ ಬೇರೊಂದು ಸಂಗತಿ ಕಾಣುತ್ತದೆ. ಅವರಲ್ಲಿ ಹೆಚ್ಚಿನವರು ದೇವರನ್ನು ಬಿಟ್ಟವರಲ್ಲ. ಹಣವನ್ನೇ ಪೂಜಿಸುವವರೂ ಅಲ್ಲ. ಎರಡನ್ನೂ ಇಟ್ಟುಕೊಳ್ಳಬಹುದೆಂದು ನಂಬಿದವರು. ಯಾವುದು ಮೇಲೆ, ಯಾವುದು ಕೆಳಗೆ ಎಂದು ನಿರ್ಣಯಿಸತಕ್ಕ ಗಳಿಗೆಯು ಯಾವಾಗ ಬಂದಿತು, ಯಾವಾಗ ಕಳೆಯಿತು ಎಂಬುದೇ ಅವರಿಗೆ ತಿಳಿಯದೆ ಹೋಗುತ್ತದೆ. ಕ್ರೈಸ್ತ ತರುಣರನ್ನು ಕುರಿತು ಈ ಹೊತ್ತು ಆ ಗಳಿಗೆಯ ವಿಷಯವನ್ನೇ ವಿಚಾರಮಾಡೋಣ.

ಬೆಂಗಳೂರಿನ ದಕ್ಷಿಣ ಭಾಗವನ್ನು ಉದಾಹರಣೆಗಾಗಿ ತೆಗೆದುಕೊಳ್ಳಬಹುದು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದಾಗ ಅದು ಊರಿನ ಅಂಚು. ಇಂದು ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳೆಲ್ಲ ಕೂಡಿ ಅದೇ ಒಂದು ದೊಡ್ಡ ಪಟ್ಟಣವಾಗಿದೆ. ಬೆಳಗಾದರೆ ಎಲೆಕ್ಟ್ರಾನಿಕ್ ಸಿಟಿಯ ಕಡೆಗೆ ಜನದ ಹೊಳೆ ಹರಿಯುವುದು, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 2025ರ ಆಗಸ್ಟಿನಲ್ಲಿ ಆರಂಭವಾದ ಮೆಟ್ರೋ ರೈಲು ಆ ಹೊಳೆಗೆ ಮತ್ತೊಂದು ಕಾಲುವೆಯನ್ನು ತೋಡಿತು. ಆ ಜನರಲ್ಲಿ ಮಂಗಳೂರಿನ ಕೊಂಕಣಿ ಕೆಥೋಲಿಕ ಮನೆಯ ಹುಡುಗಿಯುಂಟು. ಧಾರವಾಡದ ಕಡೆಯ ಹಳೆಯ ಬಾಸೆಲ್ ಮಿಷನ್ ಮನೆತನದ ಹುಡುಗನುಂಟು. ಕೇರಳದವರು, ತಮಿಳರು, ಕೋಲಾರ ತುಮಕೂರುಗಳವರು ಉಂಟು. ಊರಿನಲ್ಲಿದ್ದಾಗ ಭಾನುವಾರ ದೇವಾಲಯಕ್ಕೆ ಹೋಗದಿದ್ದರೆ ಅಜ್ಜಿ ಕೇಳುತ್ತಿದ್ದಳು, ಪಾದ್ರಿಗಳು ಕೇಳುತ್ತಿದ್ದರು, ನೆರೆಯವರಾದರೂ ಕೇಳುತ್ತಿದ್ದರು. ಬಿ.ಟಿ.ಎಂ. ಬಡಾವಣೆಯ ಬಾಡಿಗೆಯ ಕೋಣೆಯಲ್ಲಿ ಕೇಳುವವರು ಯಾರೂ ಇಲ್ಲ. ಇದನ್ನು ಕಂಡು ಹಿರಿಯರು ಮರುಗುವುದು ಸಹಜ. ಆದರೆ ಇದರಲ್ಲಿ ಒಂದು ಲಾಭವೂ ಉಂಟು. ಮನೆಯಿಂದ ಬಂದ ಆಸ್ತಿಯಂತೆ ಇದ್ದ ವಿಶ್ವಾಸವು ಅಲ್ಲಿ ಮೊದಲನೆಯ ಸಲ ಅವನ ಸ್ವಂತ ನಿರ್ಣಯವಾಗಬೇಕಾಗುತ್ತದೆ. ಯಾರೂ ನೋಡದಿರುವಾಗ ಮಾಡಿದ ಪ್ರಾರ್ಥನೆಗೆ ಬೇರೊಂದು ತೂಕವಿದೆ.

ಸುವಾರ್ತೆಯಲ್ಲಿ ಒಬ್ಬ ಧನಿಕ ತರುಣನ ಕಥೆ ಬರುತ್ತದೆ. ಅವನು ಯೇಸುವಿನ ಬಳಿಗೆ ಬಂದು, ನಿತ್ಯಜೀವವನ್ನು ಪಡೆಯಲು ಏನು ಮಾಡಬೇಕೆಂದು ಕೇಳಿದನು. ಆ ತರುಣನು ದುಷ್ಟನಲ್ಲ ಎಂಬುದನ್ನು ನಾವು ಗಮನಿಸಬೇಕು. ಆಜ್ಞೆಗಳನ್ನೆಲ್ಲ ಅವನು ಪಾಲಿಸಿದ್ದನು. ಯೇಸುವು ಅವನನ್ನು ಪ್ರೀತಿಯಿಂದ ನೋಡಿದನೆಂದೂ ಒಬ್ಬ ಸುವಾರ್ತಿಕನು ಬರೆದಿದ್ದಾನೆ. ಆಸ್ತಿಯನ್ನು ಮಾರಿ ಬಡವರಿಗೆ ಕೊಟ್ಟು ಬಾ ಎಂಬ ಮಾತು ಬಂದೊಡನೆ ಅವನು ವ್ಯಸನದಿಂದ ಹಿಂದಿರುಗಿದನು. ಅವನು ವಾದಿಸಲಿಲ್ಲ, ಕೋಪಗೊಳ್ಳಲಿಲ್ಲ, ವ್ಯಸನಪಟ್ಟನು. ತನ್ನ ಮನಸ್ಸಿನಲ್ಲಿ ಯಜಮಾನನ ಪೀಠದ ಮೇಲೆ ಯಾರು ಕುಳಿತಿದ್ದಾರೆಂಬುದು ಅವನಿಗೆ ಆ ಒಂದು ಕ್ಷಣದಲ್ಲಿ ಗೊತ್ತಾಯಿತು. ಒಬ್ಬ ಆಳು ಇಬ್ಬರು ಯಜಮಾನರಿಗೆ ಊಳಿಗ ಮಾಡಲಾರನು ಎಂದು ಯೇಸುವು ಮತ್ತೊಂದು ಕಡೆ ಬೋಧಿಸಿದುದೂ ಇದೇ ಅರ್ಥದಲ್ಲಿ. ಹಣ ಇರಕೂಡದೆಂಬುದು ಅಲ್ಲಿಯ ಮಾತಲ್ಲ, ಹಣವು ಆಜ್ಞೆಮಾಡಕೂಡದೆಂಬುದು.

ಹಾಗಾದರೆ ಸಂಪಾದನೆಯೇ ಕೀಳೆಂದು ತಿಳಿಯಬೇಕೆ? ನಮ್ಮ ನಾಡಿನ ಕ್ರೈಸ್ತರ ಚರಿತ್ರೆಯು ಹಾಗೆ ಹೇಳುವುದಿಲ್ಲ. 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. ಅವರ ಬೋಧನೆಯನ್ನು ಕೇಳಿ ಕ್ರೈಸ್ತರಾದವರಲ್ಲಿ ಅನೇಕರಿಗೆ ಮನೆ ತಪ್ಪಿತು, ಕುಲದ ಕಸುಬು ತಪ್ಪಿತು. ಪರಲೋಕದ ಮಾತನ್ನು ಹೇಳಿದವರು ಇಹದ ಕೂಳಿಗೂ ದಾರಿ ತೋರಿಸಬೇಕಾಯಿತು. ಮುದ್ರಣಶಾಲೆ, ನೆಯ್ಗೆಯ ಕಾರ್ಖಾನೆಗಳು ಬಂದವು. 1865ರಲ್ಲಿ ಹೆಂಚಿನ ಕಾರ್ಖಾನೆಯು ಆರಂಭವಾಯಿತು. ಕರಾವಳಿಯ ಮನೆಗಳ ಕೆಂಪು ಮಾಡುಗಳನ್ನು ಹೊದಿಸಿದ ಮಂಗಳೂರು ಹೆಂಚಿನ ಹುಟ್ಟು ಹೀಗೆ. ಅಲ್ಲಿ ಹೆಂಚು ಸುಟ್ಟವರು ಪ್ರಪಂಚಕ್ಕೆ ಮನಸೋತವರೆಂದು ಹೇಳುವವರು ಯಾರು? ಗಂಟಲಿಗೆ ಅನ್ನವಿಲ್ಲದವನ ದುಡಿಮೆಯೂ, ಎರಡು ಮನೆಯಿದ್ದು ಮೂರನೆಯದಕ್ಕೆ ಸಾಲಮಾಡುವವನ ದುಡಿಮೆಯೂ ಒಂದೇ ಅಲ್ಲ. ಪ್ರಪಂಚದ ವ್ಯಾಮೋಹವನ್ನು ಕುರಿತು ಬೋಧಿಸುವವರು ಈ ಭೇದವನ್ನು ಮರೆಯಕೂಡದು.

ಇಲ್ಲಿ ನಾನು ಇನ್ನೊಂದು ಕಷ್ಟದ ಸಂಗತಿಯನ್ನು ಹೇಳಬೇಕು. 1950ರ ಪರಿಶಿಷ್ಟ ಜಾತಿಗಳ ಆಜ್ಞೆಯ ಪ್ರಕಾರ ಆ ಪಟ್ಟಿಯ ಸೌಲಭ್ಯವು ಮೊದಲು ಹಿಂದೂಗಳಿಗೆ ಇದ್ದಿತು. 1956ರಲ್ಲಿ ಸಿಖ್ಖರಿಗೂ, 1990ರಲ್ಲಿ ಬೌದ್ಧರಿಗೂ ವಿಸ್ತರಿಸಿತು. ಕ್ರೈಸ್ತರಾದ ದಲಿತರು ಅದರಲ್ಲಿ ಸೇರಿಲ್ಲ. ಇದು ನ್ಯಾಯವೆ ಅಲ್ಲವೆ ಎಂಬ ಚರ್ಚೆಯು ನ್ಯಾಯಾಲಯಗಳಲ್ಲಿಯೂ ನಡೆದಿದೆ. ಅದು ಈ ಭಾಷಣದ ವಿಷಯವಲ್ಲ. ಆದರೆ ಬಡ ಮನೆಯ ಒಬ್ಬ ಹುಡುಗನ ಮುಂದೆ ಅರ್ಜಿಯ ಕಾಗದವು ಬಂದು, ಮತವೆಂಬ ಪದದ ಎದುರಿನ ತೆರಪನ್ನು ತುಂಬಬೇಕಾದಾಗ ಅವನ ಕೈ ನಡುಗುವುದಲ್ಲ, ಅದು ಈ ಭಾಷಣದ ವಿಷಯ. ಸತ್ಯವನ್ನು ಬರೆದರೆ ಸೀಟು ಹೋದೀತು. ಬೇರೆ ಬರೆದರೆ ಮನಸ್ಸು ಚುಚ್ಚೀತು. ಅನುಕೂಲವಾದ ಮನೆಗಳಲ್ಲಿ ಹುಟ್ಟಿ, ಯಾವ ಕಾಗದದಲ್ಲಿಯೂ ಏನನ್ನೂ ಮುಚ್ಚಿಡುವ ಅವಶ್ಯವಿಲ್ಲದ ನಾವು ಅವನನ್ನು ಅಪ್ರಾಮಾಣಿಕನೆಂದು ಜರೆಯುವುದು ಸುಲಭ. ಅವನ ಓದಿನ ಹೊರೆಯಲ್ಲಿ ಒಂದು ಪಾಲನ್ನು ಸಭೆಯವರು ಹೊತ್ತಿದ್ದರೆ ಆ ಸಂಕಟವು ಅಷ್ಟು ಕಡಿಮೆಯಾಗುತ್ತಿರಲಿಲ್ಲವೆ? ಒಬ್ಬನ ಆತ್ಮದ ನಿರ್ಣಯವು ಎಷ್ಟೋ ಸಲ ಮತ್ತೊಬ್ಬನ ಹಣದ ಚೀಲದಲ್ಲಿ ಅಡಗಿರುತ್ತದೆ.

ಇದರಿಂದ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಕ್ರೈಸ್ತ ಸಮಾಜದಲ್ಲಿ ಇಂದು ಚೆನ್ನಾಗಿ ಸಂಪಾದಿಸುತ್ತಿರುವ ತರುಣರಲ್ಲಿ ಬಹುಮಂದಿ ಯಾವುದೋ ಒಂದು ಋಣದ ಮೇಲೆ ನಿಂತವರು. ಅಜ್ಜನಿಗೆ ಅಕ್ಷರ ಕಲಿಸಿದ ಮಿಷನ್ ಶಾಲೆ, ತಾಯಿಗೆ ಹೆರಿಗೆ ಮಾಡಿಸಿದ ಮಿಷನ್ ಆಸ್ಪತ್ರೆ, ಸಂಬಳವನ್ನು ಎಣಿಸದೆ ದುಡಿದ ಕನ್ಯಾಸ್ತ್ರೀ ಅಧ್ಯಾಪಿಕೆ: ಇವರು ಕೊಟ್ಟುದಕ್ಕೆ ಬೆಲೆ ಕಟ್ಟಲಿಲ್ಲ. ದಾನವಾಗಿ ಬಂದ ವಿದ್ಯೆಯು ಎರಡು ತಲೆಮಾರು ಕಳೆಯುವಷ್ಟರಲ್ಲಿ ಏಣಿಯಾಯಿತು. ಏಣಿಯನ್ನು ಹತ್ತುವುದು ತಪ್ಪಲ್ಲ. ಹತ್ತಿದವನು ತನ್ನ ಗಳಿಕೆಯನ್ನು ಋಣವೆಂದು ತಿಳಿಯುವನೋ, ಸ್ವಾರ್ಜಿತವೆಂದು ತಿಳಿಯುವನೋ ಎಂಬುದರಲ್ಲಿ ಆ ಇಬ್ಬರು ಯಜಮಾನರ ವ್ಯಾಜ್ಯವು ತೀರ್ಮಾನವಾಗುತ್ತದೆ. ಋಣವೆಂಬ ಮಾತು ಕನ್ನಡಿಗರಿಗೆ ಹೊಸದಲ್ಲ. ಉಚಿತವಾಗಿ ಪಡೆದುದನ್ನು ಉಚಿತವಾಗಿ ಕೊಡಬೇಕೆಂದು ಯೇಸುವು ಶಿಷ್ಯರಿಗೆ ಹೇಳಿದುದೂ ಇದನ್ನೇ.

ಈ ಋಣವನ್ನು ಒಪ್ಪಿಕೊಂಡವರ ದೃಷ್ಟಾಂತಗಳು ನಮಗೆ ದೂರವಿಲ್ಲ. ಐಡಾ ಸ್ಕಡರ್ ಎಂಬ ತರುಣಿಯು ಮಿಷನರಿ ವೈದ್ಯರ ಮನೆಯಲ್ಲಿ ಹುಟ್ಟಿದವಳು. ಭಾರತದಲ್ಲಿ ನಿಲ್ಲುವ ಮನಸ್ಸು ಅವಳಿಗಿರಲಿಲ್ಲ. ಒಂದು ರಾತ್ರಿ ಮೂರು ಮನೆಗಳಿಂದ ಹೆರಿಗೆಯ ನೋವಿನಲ್ಲಿದ್ದ ಹೆಂಗಸರಿಗಾಗಿ ಕರೆ ಬಂದಿತು. ಗಂಡಸಾದ ವೈದ್ಯನನ್ನು ಒಳಗೆ ಬಿಡಲು ಆ ಮನೆಯವರು ಒಪ್ಪಲಿಲ್ಲ. ಬೆಳಗಾಗುವಷ್ಟರಲ್ಲಿ ಮೂವರೂ ತೀರಿಹೋದರು. ಐಡಾ ಅಮೆರಿಕಕ್ಕೆ ಹೋಗಿ ವೈದ್ಯವಿದ್ಯೆಯನ್ನು ಕಲಿತು ಮರಳಿದಳು. 1900ರಲ್ಲಿ ವೇಲೂರಿನಲ್ಲಿ ಅವಳು ಆರಂಭಿಸಿದ ಚಿಕ್ಕ ಚಿಕಿತ್ಸಾಲಯವು ಇಂದಿನ ದೊಡ್ಡ ಆಸ್ಪತ್ರೆಯೂ ವೈದ್ಯಕೀಯ ಕಾಲೇಜೂ ಆಗಿ ಬೆಳೆದಿದೆ. ನಮ್ಮ ಬೆಂಗಳೂರಿನಲ್ಲಿಯೇ 1963ರಲ್ಲಿ ಸ್ಥಾಪಿತವಾದ ಸಂತ ಜಾನರ ವೈದ್ಯಕೀಯ ಕಾಲೇಜು ಕೋರಮಂಗಲದಲ್ಲಿದೆ; ಕಲಿತ ವೈದ್ಯರು ಹಳ್ಳಿಗಾಡಿನ ಆಸ್ಪತ್ರೆಗಳಲ್ಲಿ ಸೇವೆಮಾಡಬೇಕೆಂಬ ಧ್ಯೇಯವನ್ನು ಅದು ಇಟ್ಟುಕೊಂಡಿದೆ. ಒಬ್ಬ ತರುಣ ವೈದ್ಯನು ಆ ಸೇವೆಯನ್ನು ತೀರಿಸಬೇಕಾದ ಕಂದಾಯವೆಂದು ಎಣಿಸಬಹುದು. ತನ್ನ ಬಾಳಿನ ಮೊದಲನೆಯ ಪಾಠವೆಂದೂ ಎಣಿಸಬಹುದು. ಹಳ್ಳಿ ಅದೇ, ರೋಗಿ ಅವನೇ. ವೈದ್ಯನು ಮಾತ್ರ ಬೇರೆ ಬೇರೆ.

ಎಲ್ಲರೂ ವೈದ್ಯರಲ್ಲ, ಎಲ್ಲರೂ ಹಳ್ಳಿಗೆ ಹೋಗಲಾರರು. ಕಂಪ್ಯೂಟರಿನ ಮುಂದೆ ಕುಳಿತವನಿಗೆ ನಿರ್ಣಯದ ಗಳಿಗೆಯು ಸಣ್ಣ ವೇಷದಲ್ಲಿ ಬರುತ್ತದೆ. ಸುಳ್ಳು ಲೆಕ್ಕಕ್ಕೆ ಸಹಿಮಾಡೆಂದು ಮೇಲಧಿಕಾರಿಯು ಹೇಳಿದಾಗ ಬರುತ್ತದೆ. ವಿವಾಹದ ಮಾತುಕತೆಯಲ್ಲಿ ವರದಕ್ಷಿಣೆಯು ಉಡುಗೊರೆಯೆಂಬ ಹೆಸರಿನಿಂದ ಒಳಗೆ ಬಂದಾಗ ಬರುತ್ತದೆ. ಈ ರೋಗವು ಕ್ರೈಸ್ತರ ಮನೆಗಳನ್ನೂ ಬಿಟ್ಟಿಲ್ಲ. ಮೂವತ್ತಕ್ಕೆ ಮೊದಲೇ ಜೆ.ಪಿ. ನಗರದಲ್ಲಿ ಮನೆ ಕೊಂಡು, ಇಪ್ಪತ್ತು ವರ್ಷ ತಿಂಗಳ ಕಂತು ಕಟ್ಟುವುದಾಗಿ ಬರೆದುಕೊಟ್ಟವನು ಆ ಇಪ್ಪತ್ತು ವರ್ಷವೂ ಆತ್ಮಸಾಕ್ಷಿಗೆ ವಿರೋಧವಾದ ಕೆಲಸವನ್ನು ಬಿಡುತ್ತೇನೆಂದು ಹೇಳುವ ಧೈರ್ಯವನ್ನೂ ಅಡವಿಟ್ಟಿರುತ್ತಾನೆ. ಸಾಲವು ಬೇಡವೆಂದು ನಾನು ಹೇಳುವುದಿಲ್ಲ. ಕಾಗದಕ್ಕೆ ಸಹಿಹಾಕುವಾಗ, ಮನೆಯ ಜೊತೆಗೆ ಇನ್ನೇನನ್ನು ಬರೆದುಕೊಟ್ಟೆನೆಂದು ನೋಡಿಕೊಳ್ಳಬೇಕು, ಅಷ್ಟೆ.

ಇವೆಲ್ಲಕ್ಕಿಂತ ಸೂಕ್ಷ್ಮವಾದ ಅಪಾಯವು ದೇವಾಲಯದ ಒಳಗಿನದು. ವಿಶ್ವಾಸವಿದ್ದರೆ ಬಡ್ತಿ ಸಿಕ್ಕುತ್ತದೆ, ವೀಸಾ ಬರುತ್ತದೆ, ಕಾಣಿಕೆ ಹಾಕಿದರೆ ನೂರ್ಮಡಿಯಾಗಿ ಮರಳುತ್ತದೆ ಎಂಬ ಬೋಧನೆಯು ಈಚೆಗೆ ಪ್ರಪಂಚದ ನಾನಾ ದೇಶಗಳಲ್ಲಿ ಹಬ್ಬಿದೆ. ನಮ್ಮ ನಗರದ ತರುಣರ ಕಿವಿಗೂ ಅದು ದೂರವಲ್ಲ. ಅಡವಿಯಲ್ಲಿ ನಾಲ್ವತ್ತು ದಿನ ಉಪವಾಸವಿದ್ದ ಯೇಸುವಿಗೆ ಶೋಧಕನು ಮೊದಲು ಮುಂದಿಟ್ಟುದು ಕಲ್ಲನ್ನು ರೊಟ್ಟಿಮಾಡುವ ಸಲಹೆಯನ್ನು. ಹಸಿವು ನಿಜ, ರೊಟ್ಟಿ ಪಾಪವಲ್ಲ. ಆದರೂ ಅವನು ಒಪ್ಪಲಿಲ್ಲ. ದೇವರ ಶಕ್ತಿಯನ್ನು ಸ್ವಪ್ರಯೋಜನಕ್ಕೆ ಊಳಿಗದವನಾಗಿ ಮಾಡಿಕೊಳ್ಳುವುದನ್ನು ಅವನು ನಿರಾಕರಿಸಿದನು. ದೇವರನ್ನು ಬಿಟ್ಟು ಹಣದ ಹಿಂದೆ ಹೋದವನು ಎಂದಾದರೂ ಹಿಂದಿರುಗಿ ನೋಡಿಯಾನು. ದೇವರನ್ನೇ ಹಣದ ಗುಮಾಸ್ತನನ್ನಾಗಿ ಮಾಡಿಕೊಂಡವನಿಗೆ ತಾನು ದಾರಿ ತಪ್ಪಿದೆನೆಂಬ ಅನುಮಾನವೂ ಹುಟ್ಟುವುದಿಲ್ಲ.

ಕನ್ನಡದ ಕ್ರೈಸ್ತರಲ್ಲಿ ಒಬ್ಬ ಹಿರಿಯರ ಬಾಳನ್ನು ಇಲ್ಲಿ ನೆನೆಯುವುದು ಉಚಿತ. ಉತ್ತಂಗಿ ಚನ್ನಪ್ಪನವರು 1881ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ಬಾಸೆಲ್ ಮಿಷನ್ನಿನ ಪಾದ್ರಿಗಳಾದರು. ಸಭೆಯ ಕೆಲಸವನ್ನು ಮಾಡುತ್ತ, ಊರೂರುಗಳಿಂದ ಸರ್ವಜ್ಞನ ಪದ್ಯಗಳನ್ನು ಕೂಡಿಹಾಕಿ 1924ರಲ್ಲಿ ಅವರು ಪ್ರಕಟಿಸಿದ ಗ್ರಂಥವು ಕನ್ನಡಕ್ಕೆ ಒಂದು ನಿಧಿ. ವೀರಶೈವ ಶರಣರ ಅನುಭವವನ್ನೂ ಅವರು ಶ್ರದ್ಧೆಯಿಂದ ಅಭ್ಯಾಸಮಾಡಿದರು. 1949ರಲ್ಲಿ ಕಲಬುರ್ಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠವು ಅವರಿಗೆ ಸಂದಿತು. ನಾಡು ಅವರನ್ನು ಗುರುತಿಸಿದುದು ತಿರುಳ್ಗನ್ನಡದ ತಿರುಕ ಎಂಬ ಹೆಸರಿನಿಂದ. ತಿರುಕನೆಂದರೆ ಬೇಡುವವನು. ನೆರೆಯವರ ಬಾಗಿಲಿಗೆ ಬೇಡಲು ಹೋದವನು ತನ್ನ ದೀಪವನ್ನೇನೂ ಆರಿಸಿಕೊಳ್ಳಲಿಲ್ಲ. ಎರಡು ಮನೆಗೂ ಬೆಳಕಾಯಿತು. ಕ್ರೈಸ್ತನಾಗಿರುವುದೆಂದರೆ ಕನ್ನಡದ ನೆಲದಿಂದ ಬೇರೆಯಾಗುವುದಲ್ಲ, ಆಧುನಿಕನಾಗುವುದೆಂದರೆ ವಿಶ್ವಾಸವನ್ನು ಕಳಚಿಡುವುದಲ್ಲ ಎಂಬುದಕ್ಕೆ ಅವರ ಬಾಳು ಸಾಕ್ಷಿಯಾಗಿದೆ.

ತರುಣರು ಏನು ಮಾಡಬೇಕೆಂದು ಕೇಳಿದರೆ, ದೊಡ್ಡ ವ್ರತಗಳನ್ನು ನಾನು ಹೇಳಲಾರೆ. ವಾರದಲ್ಲಿ ಒಂದು ದಿನವನ್ನು ಯಾವ ಯಜಮಾನನಿಗೂ ಮಾರದೆ ಉಳಿಸಿಕೊಳ್ಳಬೇಕು. ತಿಂಗಳ ಸಂಬಳದಲ್ಲಿ ಒಂದು ಪಾಲು ತನ್ನದಲ್ಲವೆಂದು, ಸಂಬಳ ಬಂದ ದಿನವೇ ತೆಗೆದಿಡಬೇಕು. ಮಿಕ್ಕುದನ್ನು ಕೊಡುತ್ತೇನೆಂದವರಿಗೆ ಮಿಗುವುದೇ ಇಲ್ಲ. ದೇವಾಲಯದಲ್ಲಿ ತನ್ನ ಪಕ್ಕದ ಬೆಂಚಿನಲ್ಲಿ ಮೊಣಕಾಲೂರುವವರ ಪೈಕಿ ಮನೆಗೆಲಸದವಳೂ, ಮನೆ ಮನೆಗೆ ಊಟ ಮುಟ್ಟಿಸುವ ಹುಡುಗನೂ ಇರಬಹುದು. ಅವರ ಹೆಸರನ್ನಾದರೂ ತಿಳಿದಿರಬೇಕು. ಹಿರಿಯರ ಕರ್ತವ್ಯವು ಇದಕ್ಕಿಂತ ಕಠಿಣ. ಬೋಧೆಯಲ್ಲಿ ತ್ಯಾಗವನ್ನು ಹೊಗಳಿ, ಮನೆಯಲ್ಲಿ ಸಂಬಳದ ಅಂಕಿಯಿಂದ ಮಕ್ಕಳನ್ನು ಅಳೆಯುವ ತಂದೆತಾಯಿಗಳಿದ್ದಲ್ಲಿ, ಮಕ್ಕಳು ಯಾವ ಪಾಠವನ್ನು ಕಲಿಯುವರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಧನಿಕ ತರುಣನು ಮುಂದೆ ಏನಾದನೆಂದು ಸುವಾರ್ತೆಯು ತಿಳಿಸುವುದಿಲ್ಲ. ಅವನ ವ್ಯಸನವು ಒಂದು ದಿನದಲ್ಲಿ ಆರಿಹೋಯಿತೋ, ಇಲ್ಲವೆ ಎಂದಾದರೂ ಅವನನ್ನು ಹಿಂದಕ್ಕೆ ಕರೆತಂದಿತೋ ಯಾರಿಗೂ ಗೊತ್ತಿಲ್ಲ. ಸಾಕಷ್ಟು ಇದ್ದರೂ ಏನೋ ಕಡಿಮೆಯೆಂದು ವ್ಯಸನಪಡತಕ್ಕ ತರುಣರು ನಮ್ಮ ನಡುವೆಯೂ ಇದ್ದಾರೆ. ಅವರಿಗೆ ಔಷಧ ಹುಡುಕಲು ನಾವು ಆತುರಪಡುವುದು ಬೇಡ. ಆ ವ್ಯಸನವು ಅವರೊಳಗೆ ಇನ್ನೂ ಮಾತನಾಡುತ್ತಿರುವ ಯಜಮಾನನ ದನಿಯಾಗಿರಬಹುದು.