ಚಿತ್ರವಾದ ಅಕ್ಷರ

ಅಕ್ಷರಗಳನ್ನೆಲ್ಲ ಚಿತ್ರ ಮಾಡಿಯೇ ಹಾಕಬೇಕಂತೆ. ವೆಬ್‌ಸೈಟ್ ಮಾಡಿಸಲು ಬಂದ ಪ್ರಕಾಶಕರೊಬ್ಬರ ಷರತ್ತು ಇದು. ಪುಸ್ತಕದ ಹೆಸರು, ಬೆಲೆ, ಲೇಖಕರ ಪರಿಚಯ ಎಲ್ಲವೂ ಚಿತ್ರ. ಸಾಲದ್ದಕ್ಕೆ ಮೇಲ್ಗಡೆ ಓಡುವ ಅಕ್ಷರ ಬೇರೆ. ಡಿಸೈನ್ ಕೆಲಸ ಮಾಡುವ ನನ್ನ ಅಕ್ಕನ ಮಗಳು ಈ ವಾರ ಫೋನ್ ಮಾಡಿದವಳು, "ಮಾಮ, ಒಪ್ಕೊಳ್ಳೋದೋ ಬಿಡೋದೋ ಗೊತ್ತಾಗ್ತಿಲ್ಲ. ಕೆಳಗೆ ನನ್ನ ಹೆಸರಿರತ್ತೆ, ನೋಡಿದೋರು ನಗ್ತಾರೆ" ಅಂದಳು.

ಅವಳ ಸಂಕಟ ನ್ಯಾಯವಾದದ್ದೇ. ಚಿತ್ರದೊಳಗಿನ ಅಕ್ಷರ ಹುಡುಕಿದರೆ ಸುಲಭಕ್ಕೆ ಸಿಗುವುದಿಲ್ಲ. ಮೊಬೈಲಿನಲ್ಲಿ ಬೆರಳಿಂದ ಹಿಗ್ಗಿಸಿ ಹಿಗ್ಗಿಸಿ ಓದಬೇಕು. ಕಣ್ಣು ಕಾಣದವರಿಗೆ ಪರದೆ ಓದಿಹೇಳುವ ತಂತ್ರಾಂಶ ಅಲ್ಲಿಗೆ ಬಂದು ತಡವರಿಸುತ್ತದೆ.

ಆದರೆ 2000ದ ಆಸುಪಾಸಿನಲ್ಲಿ ಕಂಪ್ಯೂಟರಿನಲ್ಲಿ ಕನ್ನಡದ ಪಾಡು ನೋಡಿದವರಿಗೆ ಈ ಹಟ ಅರ್ಥವಾಗುತ್ತದೆ. 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಅದರ ಫಾಂಟ್ ಇಲ್ಲದ ಕಡೆ ತೆರೆದರೆ, 'ಕನ್ನಡ' ಎಂಬ ಮೂರಕ್ಷರದ ಜಾಗದಲ್ಲಿ ಮೊದಲು ಇಂಗ್ಲಿಷಿನ ಪಿ, ಪಕ್ಕದಲ್ಲಿ ತಲೆ ಮೇಲೆ ಓರೆಗೆರೆ ಹೊತ್ತ ಎ, ಆಮೇಲೆ ಪೌಂಡಿನ ಗುರುತು, ನಡುವೆ ಜರ್ಮನ್ನರದೊಂದು ಅಕ್ಷರ, ಕೊನೆಗೊಂದು ಕ್ಯೂ, ಮತ್ತದೇ ಎ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಯುನಿಕೋಡ್ ಕನ್ನಡಕ್ಕೆಂದು ತುಂಗಾ ಫಾಂಟ್ ಇತ್ತು, ನಿಜ. ಅದು ಸರಿಯಾಗಿ ಮೂಡಬೇಕಾದರೆ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಒಂದು ಟಿಕ್ ಹಾಕಬೇಕಿತ್ತು. ಎಷ್ಟು ಮಂದಿ ಹಾಕಿದರೋ! ಓದುವವನ ಕಂಪ್ಯೂಟರಿನಲ್ಲಿ ಏನಿದೆಯೋ ಏನಿಲ್ಲವೋ, ಚಿತ್ರ ಹಾಕಿಬಿಟ್ಟರೆ ಭಯವಿಲ್ಲ. ಆಗಿನ ಜಾಣರು ಮಾಡುತ್ತಿದ್ದ ಕೆಲಸವೇ ಅದು.

"ಯಾಕೆ ಅಂತ ಅವರನ್ನ ಕೇಳಿದ್ಯಾ?" ಅಂದೆ. ಮರುದಿನ ಕೇಳಿದಳಂತೆ. ಅವರ ಮೊದಲ ಪುಸ್ತಕಪಟ್ಟಿಯನ್ನು ಅಮೆರಿಕದಲ್ಲಿದ್ದ ಲೇಖಕರೊಬ್ಬರಿಗೆ ಹೆಮ್ಮೆಯಿಂದ ಕಳಿಸಿದ್ದಕ್ಕೆ, "ಇದ್ಯಾವ ಭಾಷೆ ಸ್ವಾಮಿ?" ಎಂದು ಉತ್ತರ ಬಂದಿತ್ತಂತೆ. ಇವಳು ತಿಳಿವಳಿಕೆ ಹೇಳುವ ಗೋಜಿಗೆ ಹೋಗಲಿಲ್ಲ. "ಸರ್, ದಿನಾ ವಾಟ್ಸಾಪಲ್ಲಿ ಕನ್ನಡದಲ್ಲೇ ಬರೀತೀರಲ್ಲ, ಅದನ್ನ ಚಿತ್ರ ಮಾಡಿ ಕಳಿಸ್ತೀರಾ?" ಅಂದಳಂತೆ. ಅವರು ಫೋನ್ ತೆಗೆದು, ತಾವೇ ಕಳಿಸಿದ್ದನ್ನು ಹೊಸದಾಗಿ ನೋಡುವವರ ಹಾಗೆ ನೋಡಿದರಂತೆ.

ಅಕ್ಷರ ಅಕ್ಷರವಾಗಿಯೇ ಇರಲಿ ಎಂದು ಒಪ್ಪಿದ್ದಾರೆ. ನುಡಿಯ ಹಳೇ ಕಡತಗಳನ್ನು ಯುನಿಕೋಡಿಗೆ ಬದಲಾಯಿಸುವಾಗ ಒತ್ತು, ಅರ್ಕಾವತ್ತು ಅಲ್ಲಲ್ಲಿ ಕೈಕೊಡುತ್ತವಲ್ಲ, ಆ ಪ್ರೂಫ್ ತಾವೇ ನೋಡುತ್ತಾರಂತೆ. ಓಡುವ ಸಾಲನ್ನು ಮಾತ್ರ ಬಿಟ್ಟುಕೊಟ್ಟಿಲ್ಲ. ಟಿವಿಯವರು ಇಡೀ ದಿನ ಪರದೆಯ ಬುಡದಲ್ಲಿ ಸುದ್ದಿ ಓಡಿಸುತ್ತಾರೆ, ಅವರನ್ನು ಯಾರೂ ಹಳಬರು ಅನ್ನುವುದಿಲ್ಲ. ಒಂದು ಸಾಲು ಓಡಿದರೆ ಓಡಲಿ ಬಿಡಿ.

ಹಾಗಂತ ಬಂದವರನ್ನೆಲ್ಲ ಅವಳು ಒಪ್ಪುವುದಿಲ್ಲ. ಸೈಟ್ ತೆರೆದ ಕೂಡಲೇ ಹಾಡು ಬರಬೇಕು ಅಂದ ಒಬ್ಬರಿಗೆ, ಈಗಿನ ಬ್ರೌಸರುಗಳು ಕೇಳದೆ ಸದ್ದು ಮಾಡಲು ಬಿಡುವುದಿಲ್ಲ ಎಂದು ವಿವರಿಸಹೋದರೆ, "ದುಡ್ಡು ಕೊಡೋನು ನಾನು, ಹೇಳಿದಷ್ಟು ಮಾಡಮ್ಮ" ಎಂಬ ಉತ್ತರ ಬಂದಿತ್ತು. ಕೈಮುಗಿದು ಕಳಿಸಿದಳು. "ಅಂಥೋರು ಹೊಸ ಐಡಿಯಾ ತಂದ್ರೂ ಅವರ ಜೊತೆ ಏಗೋದು ಕಷ್ಟಾನೇ, ಮಾಮ" ಎಂದು ಅವಳ ವಾದ. ನನಗೂ ಸರಿಯೆನಿಸಿತು. ಆ ತಿಂಗಳ ಆಫೀಸಿನ ಬಾಡಿಗೆಗೆ ಏನು ಮಾಡಿದೆ ಎಂದು ಮಾತ್ರ ನಾನು ಕೇಳಲಿಲ್ಲ.